ನೀರಿನ ಬೆನ್ನು ಹತ್ತಿದ ಅಜ್ಜ

ಭಾನುವಾರ ಬಂತೆಂದರೆ ಅಜ್ಜ ಹೊತ್ತು ಹುಟ್ಟುವ ಮೊದಲೇ ಸ್ನಾನ, ಲಿಂಗಪೂಜೆ ಮುಗಿಸಿ, ಹಣೆಗೆ ಮೂರು ಬೆರಳಿನ ವಿಭೂತಿ ಎಳೆದು, ಅದರ ಮೇಲೊಂದು ಖಾಕಿ ಹ್ಯಾಟು ಏರಿಸಿಕೊಂಡು ನನ್ನ ಹಾಸಿಗೆಯ ಪಕ್ಕ ಬಂದು ನಿಲ್ಲುತ್ತಿದ್ದ.

"ಏಳವಾ. ಬಿಸಲು ಏರೂದ್ರಾಗ ಮುಗದದ ಕೆರಿ ಮುಟ್ಟಬೇಕು."

"ಅಜ್ಜಾ, ಇವತ್ತ ಸಾಲಿ ಸೂಟಿ ಐತಿ."

"ಸೂಟಿ ಐತಿ ಅಂತನ ಎಬ್ಸಾಕತ್ತೇನಿ. ಸಾಲಿ ಇದ್ದಿದ್ರ ಮಲಕೊ ಅಂತಿದ್ದೆ."

ಅಡುಗೆಮನೆಯಿಂದ ರೊಟ್ಟಿ ಬಡಿಯುವ ಸದ್ದು ಆಗಲೇ ಕೇಳುತ್ತಿರುತ್ತಿತ್ತು. ಬೈಯುತ್ತಲೇ ಬುತ್ತಿ ಕಟ್ಟುವವಳು ಆಯಿ, ಅಂದರೆ ನನ್ನ ಅಜ್ಜಿ. ನಾನು ಕಣ್ಣುಜ್ಜಿಕೊಂಡು ಸ್ಕೂಟರಿನ ಹಿಂದೆ ಕೂರುತ್ತಿದ್ದೆ.

ಅಜ್ಜ ನೀರಾವರಿ ಇಂಜಿನಿಯರ್ ಆಗಿದ್ದ. ನಾನು ಹುಟ್ಟುವ ಹೊತ್ತಿಗೆ ನಿವೃತ್ತನಾಗಿದ್ದ, ಆದರೆ ಆ ಸುದ್ದಿ ಅವನ ಕಾಲುಗಳಿಗೆ ಇನ್ನೂ ಮುಟ್ಟಿರಲಿಲ್ಲ. ವಾರವೆಲ್ಲ ನವನಗರದ ಮನೆಯಲ್ಲಿ ನಲ್ಲಿ, ಪಂಪು, ಮಾಳಿಗೆಯ ಮೇಲಿನ ನೀರಿನ ಟಾಕಿ ಎಂದು ಏನಾದರೊಂದನ್ನು ಬಿಚ್ಚಿ ಜೋಡಿಸುತ್ತಿದ್ದ. ಭಾನುವಾರ ಮಾತ್ರ ಅವನನ್ನು ಮನೆಯೊಳಗೆ ಹಿಡಿದಿಡುವುದು ಯಾರಿಂದಲೂ ಆಗುತ್ತಿರಲಿಲ್ಲ. ಗುಡ್ಡ, ಹಳ್ಳ, ಕೆರೆ, ಕುರುಚಲು ಕಾಡು, ಎಲ್ಲಿಗಾದರೂ ಸರಿ, ಬಯಲಿಗೆ ಬೀಳಬೇಕು.

ಮುಗದ ಅವನು ಹುಟ್ಟಿದ ಊರು. ಭತ್ತ ಬೆಳೆಯುವ ಮನೆತನ. ಚಿಕ್ಕವನಿದ್ದಾಗ ಗದ್ದೆಯ ಬದುವಿಗೆ ಸಣ್ಣ ಸಣ್ಣ ಬಾಯಿ ತೆಗೆದು ನೀರು ತಿರುಗಿಸುವುದೇ ಅವನ ಆಟವಂತೆ. ಒಮ್ಮೆ ಹೀಗೆ ತಿರುಗಿಸಿದ ನೀರು ಪಕ್ಕದವರ ಗದ್ದೆಗೆ ನುಗ್ಗಿ ಅವರ ಸಸಿಮಡಿಯನ್ನೇ ತೊಳೆದುಕೊಂಡು ಹೋಯಿತು. ಅವನ ಅಪ್ಪ ಬಾರುಕೋಲು ಹಿಡಿದು ಊರೆಲ್ಲ ಬೆನ್ನಟ್ಟಿದರು. ಸಾಲಿ ಮಾಸ್ತರರು ಅಡ್ಡ ಬಂದು, "ಹುಡುಗಗ ನೀರಿನ ಹುಚ್ಚ ಐತಿ. ಬಡೀಬ್ಯಾಡ್ರಿ, ಓದಸ್ರಿ" ಎಂದರಂತೆ. "ಹೊಡ್ತ ತಪ್ಪಿತು, ಓದು ಗಂಟಬಿತ್ತು" ಎಂದು ಅಜ್ಜ ಹೇಳಿಕೊಂಡು ನಗುತ್ತಿದ್ದ. ಮುಗದದಿಂದ ಧಾರವಾಡಕ್ಕೆ ನಡೆದು ಹೋಗಿ ಹೈಸ್ಕೂಲು ಮುಗಿಸಿ, ಆಮೇಲೆ ಇಂಜಿನಿಯರಿಂಗ್ ಓದಿ, ಕಾಲುವೆ ಕಟ್ಟುವ ನೌಕರಿಗೆ ಸೇರಿದ.

ಆಯಿ ಹುಬ್ಬಳ್ಳಿಯ ಅರಳೆ ವ್ಯಾಪಾರಿಗಳ ಮಗಳು. ಪೇಟೆಯ ಗದ್ದಲದಲ್ಲೇ ಬೆಳೆದವಳು. ಅಂಥವಳು ಮದುವೆಯಾಗಿ ಸಂಸಾರ ಹೂಡಿದ್ದು ಕಾಲುವೆ ಕೆಲಸದ ಕ್ಯಾಂಪಿನಲ್ಲಿ, ಡೇರೆಯೊಳಗೆ. ಜೋರು ಗಾಳಿ ಬೀಸಿದರೆ ಗೂಟ ಹಿಡಿದುಕೊಂಡು ಕೂರಬೇಕು, ಹಿಟ್ಟು ಕಲಸಿದರೆ ಅದರಲ್ಲಿ ಅರ್ಧ ಧೂಳು. ಹಾಗಾಗಿ ಅಜ್ಜ ಎಷ್ಟು ಕರೆದರೂ ನಮ್ಮ ಭಾನುವಾರದ ಸವಾರಿಗೆ ಅವಳು ಬರುತ್ತಿರಲಿಲ್ಲ. "ಬಯಲಿನ ಮೋಜು ನಿಮಗ ಇರ್ಲಿ. ನನ್ನ ಪಾಲಿಂದು ನಾ ಆಗಳ ಮುಗಿಸೇನಿ" ಎನ್ನುತ್ತಿದ್ದಳು.

ನಿವೃತ್ತಿ ಹತ್ತಿರ ಬಂದಾಗ ಮನೆ ಎಲ್ಲಿ ಕಟ್ಟಬೇಕೆಂದು ಇಬ್ಬರಿಗೂ ದೊಡ್ಡ ವಾದವಾಯಿತಂತೆ. ಆಯಿಗೆ ಹುಬ್ಬಳ್ಳಿ ಬೇಕು, ಅಜ್ಜನಿಗೆ ಧಾರವಾಡ ಬೇಕು.

"ಧಾರವಾಡದಾಗ ಮಧ್ಯಾಹ್ನ ಆತಂದ್ರ ಊರಿಗೆ ಊರ ಮಲಗಿರ್ತೈತ್ರಿ" ಎಂದಳಂತೆ ಆಯಿ.

"ಹುಬ್ಬಳ್ಳ್ಯಾಗ ಮಲಗ್ತೇನಂದ್ರ ಯಾರರ ಬಿಡ್ತಾರೇನು?" ಎಂದನಂತೆ ಅಜ್ಜ.

ಕೊನೆಗೆ ಎರಡೂ ಊರುಗಳ ನಡುವಿನ ನವನಗರದಲ್ಲಿ ಜಾಗ ತೆಗೆದುಕೊಂಡರು. ಆಮೇಲೂ ಜಗಳ ಪೂರ್ತಿ ನಿಲ್ಲಲಿಲ್ಲ. ಮನೆಗೆ ಮಳೆ ಮೊದಲು ಧಾರವಾಡದ ಕಡೆಯಿಂದ ಬಂತೋ ಹುಬ್ಬಳ್ಳಿಯ ಕಡೆಯಿಂದ ಬಂತೋ ಎಂಬುದರ ಮೇಲೂ ಅವರು ಮಾತಿಗೆ ಮಾತು ಬೆಳೆಸಬಲ್ಲವರಾಗಿದ್ದರು.

ಮಳೆ ಎಂದಾಗ ನೆನಪಾಯಿತು. ನಾನು ಮೂರನೆಯ ತರಗತಿಯಲ್ಲಿದ್ದಾಗ ಜಿಟಿಜಿಟಿ ಮಳೆಯಲ್ಲಿ ಅಜ್ಜ ನನ್ನನ್ನು ಧಾರವಾಡದ ಒಂದು ದಿಬ್ಬದ ಮೇಲೆ ನಿಲ್ಲಿಸಿ, ಕೊಡೆಯ ತುದಿಯಿಂದ ನೆಲದ ಮೇಲೆ ಗೆರೆ ಎಳೆದ. "ಮಳಿ ಹನಿ ಈ ಕಡೆ ಬಿದ್ರ ಅರಬ್ಬಿ ಸಮುದ್ರಕ್ಕ ಹೋಗ್ತೈತಿ. ಆ ಕಡೆ ಬಿದ್ರ ಬಂಗಾಲ ಕೊಲ್ಲಿಗೆ. ನಮ್ಮ ಧಾರವಾಡದ ನೆಲಾನ ಹಂಗೈತಿ."

"ಎತ್ಲಾಗ ಹೋಗಬೇಕಂತ ಅದಕ್ಕ ಹೆಂಗ ಗೊತ್ತಾಗ್ತೈತಿ?"

"ಇಳಿಜಾರು ಹೇಳ್ತೈತಿ."

ನಾನು ಕುಡಿಯಲು ತಂದಿದ್ದ ಬಾಟಲಿಯ ನೀರನ್ನು ಗೆರೆಯ ಈ ಕಡೆ ಅರ್ಧ, ಆ ಕಡೆ ಅರ್ಧ ಸುರಿದೆ. ಬೇರೆ ಯಾರಾದರೂ ಆಗಿದ್ದರೆ ನಗುತ್ತಿದ್ದರು. ಅಜ್ಜ ನಗಲಿಲ್ಲ. ನನ್ನ ಜೊತೆ ಬಗ್ಗಿ, ಎರಡೂ ಕಡೆ ನೀರು ದಾರಿ ಹುಡುಕುತ್ತ ಇಳಿಯುವುದನ್ನು ನೋಡಿದ. "ಈಗ ಎರಡೂ ಸಮುದ್ರಕ್ಕ ನಿನ್ನ ನೀರು ಹೊಂಟೈತಿ. ನಡಿ, ಚಾ ಕುಡಿಯೂಣು" ಎಂದ. ಭೂಗೋಳವನ್ನು ಆಮೇಲೆ ಪುಸ್ತಕದಲ್ಲಿ ಬಹಳ ಓದಿದೆ. ಅಷ್ಟು ಚೆನ್ನಾಗಿ ಅರ್ಥವಾದದ್ದು ಅದೊಂದೇ ಪಾಠ.

ಈಜನ್ನೂ ಅವನೇ ಕಲಿಸಿದ, ಮುಗದದ ಹೊಲದ ಬಾವಿಯಲ್ಲಿ, ಬೆನ್ನಿಗೆ ಖಾಲಿ ಡಬ್ಬಿ ಕಟ್ಟಿ. ಊರಿನಲ್ಲೇ ಇದ್ದ ಅವನ ಅಕ್ಕ ಮೆಟ್ಟಿಲ ಮೇಲೆ ನಿಂತು, "ಹೆಣ್ಣ ಹುಡುಗಿನ್ನ ಬಾವ್ಯಾಗ ಬಿಡ್ತೀಯೇನೋ? ನಿನಗ ಬುದ್ಧಿ ಎಂದ ಬರ್ತೈತಿ?" ಎಂದು ಕೂಗಾಡಿದರು.

"ಅಕ್ಕಾ, ಹುಡುಗ ಯಾರು, ಹುಡುಗಿ ಯಾರು ಅಂತ ನೀರು ಕೇಳಂಗಿಲ್ಲ" ಎಂದ ಅಜ್ಜ. ಬೇಸಿಗೆ ಮುಗಿಯುವಷ್ಟರಲ್ಲಿ ನಾನು ಡಬ್ಬಿ ಬಿಟ್ಟು ಈಜುತ್ತಿದ್ದೆ. ಬೈದ ಅವರೇ ಶೇಂಗಾ ಬೆಲ್ಲ ತಂದು, ಒದ್ದೆ ತಲೆ ಒರೆಸಿ ಬಾಯಿಗಿಟ್ಟರು.

ಅಜ್ಜನ ಜೀವದ ಗೆಳೆಯರೊಬ್ಬರಿದ್ದರು. ಹುಬ್ಬಳ್ಳಿಯ ಬೆಂಗೇರಿಯಲ್ಲಿ ಸ್ಕೂಟರ್ ರಿಪೇರಿ ಗ್ಯಾರೇಜು ನಡೆಸುತ್ತಿದ್ದ ಮುಸ್ಲಿಂ ಮಿಸ್ತ್ರಿ. ನಾನು ಅವರನ್ನು ಚಾಚಾ ಎನ್ನುತ್ತಿದ್ದೆ. ಅಜ್ಜ ಒಮ್ಮೆ ಸ್ಕೂಟರಿನ ಕಾರ್ಬುರೇಟರನ್ನು ತಾನೇ ಬಿಚ್ಚಿ, ಜೋಡಿಸಲಾಗದೆ, ಬಿಡಿಭಾಗಗಳನ್ನೆಲ್ಲ ಟಾವೆಲಿನಲ್ಲಿ ಗಂಟು ಕಟ್ಟಿಕೊಂಡು ಅವರಲ್ಲಿಗೆ ಹೋಗಿದ್ದ. ಗಂಟು ಬಿಚ್ಚಿ ನೋಡಿದ ಚಾಚಾ, "ಸಾಹೇಬ್ರ, ಇದು ಸ್ಕೂಟರೋ, ಸಂತಿಯಿಂದ ತಂದ ಕಾಯಿಪಲ್ಯಾನೋ?" ಎಂದರು. ಅಜ್ಜನಿಗೆ ಆ ಮಾತು ಎಷ್ಟು ಹಿಡಿಸಿತೆಂದರೆ ಅಂದು ಅಲ್ಲೇ ಸಂಜೆಯವರೆಗೆ ಕೂತ. ಮುಂದಿನ ಮಳೆಗಾಲದಲ್ಲಿ ಗ್ಯಾರೇಜಿನ ಅಂಗಳದಲ್ಲಿ ಮೊಳಕಾಲುದ್ದ ನೀರು ನಿಂತಾಗ ಅಜ್ಜ ಹೋಗಿ ಇಳಿಜಾರು ನೋಡಿ ಗಟಾರ ಹೊಡೆಸಿಕೊಟ್ಟ. ಅಲ್ಲಿಂದ ಇಬ್ಬರೂ ಭಾನುವಾರದ ಜೊತೆಗಾರರಾದರು.

ಮುಗದದ ಕೆರೆಯ ದಂಡೆಯಲ್ಲಿ ಅಜ್ಜ ದುರ್ಬೀನು ಹಿಡಿದು ಹಕ್ಕಿ ನೋಡುತ್ತಿದ್ದ, ಚಾಚಾ ಗಾಳ ಹಾಕಿ ಮೀನು ಕಾಯುತ್ತಿದ್ದರು. ಒಬ್ಬರ ಕಣ್ಣು ಮೇಲೆ, ಇನ್ನೊಬ್ಬರದು ಕೆಳಗೆ. ಚಾಚಾರ ಮೀನಿನ ಚೀಲಕ್ಕೂ ನಮ್ಮ ರೊಟ್ಟಿಯ ಚೀಲಕ್ಕೂ ನಡುವೆ ಒಬ್ಬ ಮನುಷ್ಯ ಕೂರುವಷ್ಟು ಜಾಗ ಇರಲೇಬೇಕೆಂದು ಆಯಿಯ ಕಟ್ಟಪ್ಪಣೆ. ಆ ಮನುಷ್ಯ ನಾನೇ. ಊಟದ ಹೊತ್ತಿಗೆ ಚಾಚಾ ಕೈ ಎರಡೆರಡು ಸಲ ತೊಳೆದುಕೊಂಡು, "ಅಕ್ಕಾರ ಕೈಯಾಗಿನ ಝುಣಕದ ಮುಂದ ನನ್ನ ಮೀನ ಏನೂ ಅಲ್ಲ ಬಿಡ್ರಿ" ಎನ್ನುತ್ತ ಆಯಿ ಕಟ್ಟಿಕೊಟ್ಟ ಬುತ್ತಿಗೇ ಬರುತ್ತಿದ್ದರು.

ಒಂದು ಚಳಿಗಾಲ ಕೆರೆಯ ನಟ್ಟನಡುವೆ ಬಾತುಗಳ ದೊಡ್ಡ ಹಿಂಡು ಬಂದು ಇಳಿಯಿತು. ಅಜ್ಜನ ದುರ್ಬೀನಿಗೂ ಅವು ಬರೀ ಕಪ್ಪು ಚುಕ್ಕಿ. ದೊಡ್ಡ ಮೀನುಗಳೂ ಅಲ್ಲೇ ಇರುತ್ತವೆಂಬುದು ಚಾಚಾರ ನಂಬಿಕೆ. ಇಬ್ಬರೂ ಕೆರೆಯ ನಡುವನ್ನೇ ನೋಡುತ್ತ ಕೂತರು.

"ಮಿಸ್ತ್ರಿ, ಒಂದು ದೋಣಿ ಮಾಡಿದ್ರ ಹೆಂಗರಿ?" ಎಂದ ಅಜ್ಜ.

"ಮಾಡೂಣ್ರಿ ಸಾಹೇಬ್ರ. ಲೆಕ್ಕ ನಿಮ್ದು, ವೆಲ್ಡಿಂಗ್ ನಂದು."

ಗ್ಯಾರೇಜಿನ ಹಿಂದೆ ಕೆಲಸ ಶುರುವಾಯಿತು. ಕೆಳಗೆ ಗಾಳಿ ಹೋಗದಂತೆ ಬಾಯಿ ಬಿಗಿದ ನೀಲಿ ಪ್ಲಾಸ್ಟಿಕ್ ಡ್ರಮ್ಮುಗಳು, ಅವುಗಳ ಮೇಲೆ ಕಬ್ಬಿಣದ ಪೈಪಿನ ಚೌಕಟ್ಟು, ಅದರ ಮೇಲೆ ಹಲಗೆ, ಹಲಗೆಯ ಮೇಲೆ ಬೋಲ್ಟು ಹಾಕಿ ಬಿಗಿದ ಎರಡು ಕುರ್ಚಿ. ಚಾಚಾ ಸ್ಕೂಟರಿನ ಹಾರ್ನು ಕೂಡಿಸಬೇಕೆಂದರು. ಬಾತುಗಳು ಹೆದರಿ ಹಾರಿಹೋಗುತ್ತವೆ ಎಂದು ಅಜ್ಜ ಒಪ್ಪಲಿಲ್ಲ. ಇದರ ಮೇಲೆ ಎರಡು ದಿನ ಮಾತು ಬಿಟ್ಟರು. ತಯಾರಾದ ವಸ್ತುವನ್ನು ಅಜ್ಜ ದೋಣಿ ಎಂದ, ಚಾಚಾ ಗಾಡಿ ಎಂದರು. ನೋಡಲು ಬಂದ ಆಯಿ ಸುತ್ತ ಒಂದು ಸುತ್ತು ಹಾಕಿ, "ಮಂಚ ಛಲೋ ಆಗೇತಿ" ಎಂದಳು.

ನೀರಿಗಿಳಿಸುವ ದಿನ ಅದನ್ನು ಟೆಂಪೋದಲ್ಲಿ ಹೇರಿಕೊಂಡು ಧಾರವಾಡದ ಪೇಟೆ ದಾಟಿದೆವು. ಬೈಕಿನವನೊಬ್ಬ ಪಕ್ಕಕ್ಕೆ ಬಂದು, "ಏನ್ರೀ ಕಾಕಾ ಇದು?" ಎಂದು ಕೇಳಿದ. "ಮದಿವಿ ಸ್ಟೇಜ್ ಐತ್ರಿ" ಎಂದರು ಚಾಚಾ. "ದೋಣಿ ಅಂತ ಹೇಳ್ರೆಲಾ ಮಿಸ್ತ್ರಿ!" ಎಂದು ಅಜ್ಜ ಸಿಟ್ಟಾದ.

ಕೆರೆಯ ಏರಿಯ ಮೇಲೆ ಅರ್ಧ ಊರು ನೆರೆದಿತ್ತು. ಅಪ್ಪ, ಅವ್ವ ಬಂದಿದ್ದರು. ಆಶ್ಚರ್ಯವೆಂದರೆ ಆಯಿಯೂ ಬಂದು, ಬುತ್ತಿಯ ಪಕ್ಕ ಚಾಪೆ ಹಾಸಿ ಕೂತಿದ್ದಳು. ಅಜ್ಜ ಕಾಯಿ ಒಡೆದ. ಚಾಚಾ ಬಿಸ್ಮಿಲ್ಲಾ ಎಂದರು. ಇಬ್ಬರೂ ಹತ್ತಿ ಕೂತು ಹುಟ್ಟು ಹಾಕಿದರು. ದೋಣಿ ನಿಜಕ್ಕೂ ತೇಲಿತು! ಊರವರು ಸಿಳ್ಳೆ ಹೊಡೆದರು. ಆ ಸಿಳ್ಳೆಗೆ ಉಬ್ಬಿದ ಅಜ್ಜ ಎದ್ದು ನಿಂತು ಹ್ಯಾಟು ತೆಗೆದು ಬೀಸಿದ. ಅದೇ ಹೊತ್ತಿಗೆ ಚಾಚಾ ಅದೇ ಕಡೆಗೆ ಬಗ್ಗಿ ನೀರೊಳಗೆ ಏನೋ ನೋಡಿದರು. ದೋಣಿ ನಿಧಾನವಾಗಿ, ಬಹಳ ಮರ್ಯಾದೆಯಿಂದ, ಮಗ್ಗುಲು ತಿರುಗಿತು.

ಸೊಂಟದವರೆಗಿನ ನೀರು. ಇಬ್ಬರೂ ಕೆಮ್ಮುತ್ತ ಎದ್ದು ನಿಂತರು. ಏರಿಯ ಮೇಲಿಂದ ಆಯಿಯ ನಗು ಕೇಳಿತು. ಆಯಿ ಹಾಗೆ ನಗುವುದನ್ನು ನಾನು ನೋಡಿಯೇ ಇರಲಿಲ್ಲ. ಸೆರಗು ಬಾಯಿಗೊತ್ತಿಕೊಂಡರೂ ನಿಲ್ಲದು, ಕಣ್ಣಲ್ಲಿ ನೀರು.

"ಲೆಕ್ಕ ಬರೋಬರಿ ಇತ್ತಲ್ಲ" ಎಂದ ಅಜ್ಜ, ಹ್ಯಾಟಿನಿಂದ ನೀರು ಸುರಿಯುತ್ತ.

"ಲೆಕ್ಕಕ್ಕ ನೀವು ಹಿಡದದ್ದು ಮದಿವ್ಯಾಗಿನ ನಿಮ್ಮ ತೂಕರಿ. ನಲವತ್ತ ವರ್ಷ ನಾ ಮಾಡಿ ಹಾಕಿದ್ದು ಎಲ್ಲಿ ಹೋತು?" ಎಂದಳು ಆಯಿ.

ಮುಂದಿನ ವಾರ ಡ್ರಮ್ಮುಗಳನ್ನು ಅಗಲಕ್ಕೆ ಸರಿಸಿದರು, ಕುರ್ಚಿಗಳನ್ನು ತಗ್ಗಿಸಿದರು. ಎಲ್ಲ ಮುಗಿದ ಮೇಲೆ ಆಯಿ, "ಈ ಸಲ ಮೊದ್ಲ ನಾ ಕೂಡ್ತೇನಿ" ಎಂದಳು. ಅಜ್ಜ ತನ್ನ ಕಿವಿಯನ್ನೇ ನಂಬಲಿಲ್ಲ.

"ನಿನಗ ಈಜ ಬರಂಗಿಲ್ಲಲ್ಲ?"

"ಅದಕ್ಕರಿ. ನೀವಿಬ್ರೂ ಬಿದ್ರ ಎದ್ದ ಬರ್ತೀರಿ, ಅದಕ್ಕ ನಿಮಗ ಹೆದರಿಕಿಲ್ಲ. ನಾ ಕೂಡ್ತೇನಂದ್ರ ಇನ್ನೊಮ್ಮಿ ಲೆಕ್ಕ ಮಾಡ್ತೀರಿ."

ಅವಳ ಮಾತು ಸರಿಯಾಗಿತ್ತು. ಅಜ್ಜ ಮತ್ತೊಮ್ಮೆ ಲೆಕ್ಕ ಹಾಕಿದ, ಇನ್ನೆರಡು ಡ್ರಮ್ಮು ಸೇರಿಸಿದ, ಮರಳಿನ ಚೀಲಗಳನ್ನು ಹೇರಿ ತೇಲಿಸಿ ನೋಡಿದ. ಆಮೇಲೆ ಆಯಿಯ ಸೊಂಟಕ್ಕೆ ಗಾಳಿ ತುಂಬಿದ ಕಾರಿನ ಟ್ಯೂಬು ಸಿಕ್ಕಿಸಿ ಕೂರಿಸಿದ. ಈಜು ಬರುವ ಕಾರಣಕ್ಕೆ ನಾನು ಹಿಂದೆ ಕೂತೆ. ಅಜ್ಜ ಹುಟ್ಟು ಹಾಕಿದ.

ಕೆರೆಯ ನಡುವೆ ಬಂದಾಗ ದಂಡೆಯ ಸದ್ದೆಲ್ಲ ಸಣ್ಣದಾಯಿತು. ಬಾತುಗಳು ಸ್ವಲ್ಪ ಸರಿದು ದಾರಿ ಬಿಟ್ಟವು, ಹಾರಲಿಲ್ಲ. ಆಯಿ ಮೊದಲು ಕುರ್ಚಿಯ ಕೈ ಬಿಗಿಯಾಗಿ ಹಿಡಿದಿದ್ದಳು. ಆಮೇಲೆ ಒಂದು ಕೈ ಬಿಟ್ಟು, ಬಳೆ ಮುಳುಗುವಷ್ಟು ನೀರಿನೊಳಗೆ ಇಳಿಬಿಟ್ಟಳು.

"ಎಷ್ಟ ನೀರೈತ್ರಿ" ಎಂದಳು. ಕೈಯನ್ನು ನೀರಿನಲ್ಲೇ ಆಡಿಸುತ್ತ, "ಅಷ್ಟು ವರ್ಷ ನಿಮ್ಮ ಸಂಗಾಟ ಕಾಲುವಿ ದಂಡ್ಯಾಗ ಇದ್ದೆ. ಒಂದು ಕಾಲುವ್ಯಾಗರ ನೀರು ಹರದದ್ದು ನಾ ನೋಡಿಲ್ಲ" ಎಂದಳು.

ಅದು ಹಾಗೆಯೇ ಇತ್ತು. ಒಂದು ಕಡೆ ಅಗೆತ, ಕಟ್ಟಡ ಮುಗಿಯುತ್ತ ಬಂತೆನ್ನುವಾಗ ಅಜ್ಜನಿಗೆ ವರ್ಗವಾಗುತ್ತಿತ್ತು. ನೀರು ಬಿಡುವ ಹೊತ್ತಿಗೆ ಅವರ ಡೇರೆ ಬೇರೆ ಊರಿನ ಧೂಳಿನಲ್ಲಿ ಇರುತ್ತಿತ್ತು. ಅಜ್ಜ ಆಮೇಲೆ ಕೆಲಸದ ಮೇಲೆ ಹೋಗಿ ನೋಡಿ ಬಂದಿದ್ದ. ಆಯಿ ಹೋಗಿರಲಿಲ್ಲ.

ಅಜ್ಜ ಹುಟ್ಟು ಹಾಕುವುದನ್ನು ನಿಲ್ಲಿಸಿದ. "ನೀ ಒಮ್ಮೆರ ಕೇಳಲಿಲ್ಲಲ್ಲ."

"ನೀವು ಒಮ್ಮೆರ ನೋಡಾಕ ಬಾ ಅನ್ನಲಿಲ್ಲಲ್ಲರಿ."

ದೋಣಿ ಹಾಗೇ ಸ್ವಲ್ಪ ಹೊತ್ತು ತನ್ನಷ್ಟಕ್ಕೆ ತೇಲಿತು. ಅಜ್ಜ ಆ ದಿನ ಹಕ್ಕಿ ನೋಡಲೇ ಇಲ್ಲ.

ಮರುದಿನದಿಂದ ಯಾರು ಯಾರಿಗೋ ಫೋನು ಮಾಡಿ, ತಾನು ಕಟ್ಟಿಸಿದ ಕಾಲುವೆಗೆ ನೀರು ಯಾವಾಗ ಬಿಡುತ್ತಾರೆಂದು ವಿಚಾರಿಸಿದ. ನೀರು ಬಿಟ್ಟ ವಾರವೇ ಅಪ್ಪನ ಕಾರಿನಲ್ಲಿ ಎಲ್ಲರೂ ನವಲಗುಂದದ ಕಡೆ ಹೊರಟೆವು. ಕಪ್ಪು ಮಣ್ಣಿನ ಬಯಲು, ಕಣ್ಣು ಹರಿಯುವವರೆಗೆ ಕಡಲೆ, ಜೋಳ. ಒಂದು ಸಣ್ಣ ಸೇತುವೆಯ ಮೇಲೆ ಅಜ್ಜ ಕಾರು ನಿಲ್ಲಿಸಲು ಹೇಳಿದ. ಕೆಳಗೆ ದಂಡೆಯಿಂದ ದಂಡೆಗೆ ತುಂಬಿ, ಕೆಂಪಗೆ ಹರಿಯುವ ನೀರು.

ಆಯಿ ಇಳಿದು ಸೇತುವೆಯ ಕಟ್ಟೆಗೆ ಕೈಯಿಟ್ಟು ನಿಂತಳು. ಅಜ್ಜ ಪರೀಕ್ಷೆಯ ಫಲಿತಾಂಶಕ್ಕೆ ಕಾಯುವ ಹುಡುಗನ ಹಾಗೆ ಅವಳ ಮುಖ ನೋಡುತ್ತಿದ್ದ. ಕೊನೆಗೆ ಅವಳು, "ನಮ್ಮ ಡೇರೆ ಎಲ್ಲಿತ್ರಿ?" ಎಂದಳು. ಅಜ್ಜ ಎಡಕ್ಕೆ ತೋರಿಸಿದ. ಆಯಿ, "ಅಲ್ಲಲ್ಲ, ಆ ಹುಣಸಿ ಗಿಡದ ಬಲಕ್ಕ. ಗಾಳಿ ಎತ್ಲಾಗಿಂದ ಬರ್ತಿತ್ತು ಅನ್ನೂದು ನನಗ ಗೊತ್ತಿಲ್ಲೇನು?" ಎಂದು ಬಲಕ್ಕೆ ತೋರಿಸಿದಳು. ಅಲ್ಲೇ ವಾದ ಶುರು.

ಆ ದಾರಿಯಲ್ಲಿ ಬಂದ ರೈತರೊಬ್ಬರು ಏನು ಹುಡುಕುತ್ತಿದ್ದೀರಿ ಎಂದು ಕೇಳಿದರು. "ಈ ಕಾಲುವಿ ಇವರ ಕಟ್ಟಸಿದ್ರಿ" ಎಂದಳು ಆಯಿ. ಅವಳ ದನಿಯಲ್ಲಿ ಅಂಥ ಹೆಮ್ಮೆ ನಾನು ಕೇಳಿದ್ದು ಅದೇ ಮೊದಲು.

ರೈತರು ಅಜ್ಜನನ್ನು ಮೇಲಿಂದ ಕೆಳಗೆ ನೋಡಿದರು. "ಹೌದ್ರಿ? ಛಲೋ ಆತು ಬಂದ್ರಿ. ನಮ್ಮ ಹೊಲಕ್ಕ ನೀರು ಯಾಕ ಹತ್ತಂಗಿಲ್ರಿ? ಬರ್ರಿಲ್ಲೆ, ಹೇಳ್ರಿ."

ಅಪ್ಪ ಮುಖ ತಿರುಗಿಸಿಕೊಂಡು ನಕ್ಕ. ಅಜ್ಜ ಮಾತ್ರ ಪ್ಯಾಂಟು ಮೊಳಕಾಲಿನವರೆಗೆ ಮಡಚಿ ಅವರ ಹಿಂದೆ ಹೊರಟೇಬಿಟ್ಟ. ಹೊಲಕ್ಕೆ ಹೋಗುವ ಸಣ್ಣ ಕಾಲುವೆಯಲ್ಲಿ ಹೂಳು ತುಂಬಿ ನೆಲದ ಮಟ್ಟವೇ ಏರಿತ್ತು. ಎಲ್ಲಿ ಎಷ್ಟು ತೆಗೆಯಬೇಕೆಂದು ಅಜ್ಜ ಗುರುತು ಹಾಕಿದ. ರೈತರೂ ಅವರ ಅಣ್ಣನೂ ಸಲಿಕೆ ಹಿಡಿದರು, ಅಪ್ಪನ ಕೈಗೂ ಒಂದು ಬಂತು. ಮಧ್ಯಾಹ್ನದ ಹೊತ್ತಿಗೆ ನೀರು ಹೊಲದ ಬಾಯಿಗೆ ಬಂದು, ಒಣ ಮಣ್ಣನ್ನು ತೋಯಿಸುತ್ತ ಸಾಲಿನೊಳಗೆ ನುಗ್ಗಿತು. ಅಜ್ಜ ಕೆಸರು ಕಾಲಿನಲ್ಲೇ ಅದರ ಜೊತೆ ಜೊತೆಗೆ ನಡೆದ, ಸಾಲಿನ ಕೊನೆಯವರೆಗೆ. ಆಯಿ ದಂಡೆಯ ಮೇಲೆ ಕೂತು ಎರಡೂ ಕಾಲು ನೀರಿಗೆ ಬಿಟ್ಟು, ರೈತರ ಮನೆಯವರು ಕಿತ್ತು ಕೊಟ್ಟ ಹಸಿ ಕಡಲೆಯ ಗಿಡ ಮಡಿಲಲ್ಲಿಟ್ಟುಕೊಂಡು ಸುಲಿದು ತಿನ್ನುತ್ತಿದ್ದಳು. ನನಗೂ ಅವ್ವನಿಗೂ ಆಗಾಗ ಒಂದೊಂದು ಹಿಡಿ ಕೊಟ್ಟಳು. ಅಂದಿನಿಂದ ನಮ್ಮ ಭಾನುವಾರಗಳಿಗೆ ಆಯಿಯೂ ಬರತೊಡಗಿದಳು.

ವರ್ಷಗಳು ಕಳೆದವು. ನಾನು ಓದು ಮುಗಿಸಿ ಹುಬ್ಬಳ್ಳಿಯ ಕಾಲೇಜೊಂದರಲ್ಲಿ ಪಾಠ ಹೇಳತೊಡಗಿದೆ. ಅಜ್ಜನ ಮೊಳಕಾಲು ಕೈಕೊಟ್ಟವು. ಗುಡ್ಡ ಹತ್ತಬಾರದು, ಸ್ಕೂಟರ್ ಹೊಡೆಯಬಾರದು ಎಂದರು ಡಾಕ್ಟರು. ಚಾಚಾ ಸುಮ್ಮನೆ ಕೇಳಿಸಿಕೊಂಡು ಹೋಗಿ, ತಮ್ಮ ಸ್ಕೂಟರಿಗೆ ಪಕ್ಕದಲ್ಲಿ ಗಾಲಿಯಿರುವ ತೊಟ್ಟಿಲಿನಂಥದೊಂದನ್ನು ಜೋಡಿಸಿ ತಂದರು. ಅದರಲ್ಲಿ ದಿಂಬು ಒರಗಿ ಕೂತ ಅಜ್ಜ ಮಹಾರಾಜನ ಹಾಗೆ ಮುಗದಕ್ಕೆ ಹೋಗಿ ಬರುತ್ತಿದ್ದ. "ಮಿಸ್ತ್ರಿ, ಲಗೂ ನಡೀರಿ" ಎಂದು ದಾರಿಯುದ್ದಕ್ಕೂ ಗದರಿಸುವುದು ಮಾತ್ರ ತಪ್ಪಲಿಲ್ಲ.

ಒಂದು ಮಳೆಗಾಲದ ಬೆಳಿಗ್ಗೆ ಪೂಜೆ ಮುಗಿಸಿ, ಚಹಾ ಕುಡಿದು, ಹಾಗೇ ಕುರ್ಚಿಗೆ ಒರಗಿದವನು ಏಳಲಿಲ್ಲ. ನೋವು ಉಣ್ಣಲಿಲ್ಲ, ಯಾರನ್ನೂ ನೋಯಿಸಲಿಲ್ಲ. ಮುಗದದ ಹೊಲದಲ್ಲೇ ಸಮಾಧಿ ಮಾಡಿದೆವು. ಎಲ್ಲರೂ ವಿಭೂತಿ, ಪತ್ರಿ ಹಾಕಿದ ಮೇಲೆ ಚಾಚಾ ಎರಡೂ ಕೈ ತುಂಬ ಮಣ್ಣು ಹಾಕಿ, ತಮ್ಮ ದೇವರನ್ನು ನೆನೆದು, ಬಹಳ ಹೊತ್ತು ಅಲ್ಲೇ ನಿಂತರು. ನಾನು ಅವರ ಕೈ ಹಿಡಿದುಕೊಂಡು ಅತ್ತೆ.

ಮಾತಾಡಿಸಲು ಬರುವವರಿಂದ ಮನೆ ತುಂಬಿತು. ಒಂದು ಸಂಜೆ ಅಜ್ಜನ ಕೈಕೆಳಗೆ ಕ್ಯಾಂಪಿನಲ್ಲಿ ಕೆಲಸ ಮಾಡಿದ್ದ ಓವರ್‌ಸಿಯರ್ ಒಬ್ಬರು ಕೋಲೂರಿಕೊಂಡು ಬಂದರು. ಕೂತು ಸುಧಾರಿಸಿಕೊಂಡು, "ಸಾಹೇಬ್ರ ಧೈರ್ಯ ಏನ್ ಕೇಳ್ತೀರಿ! ಒಮ್ಮೆ ಸರ್ವೆ ಮುಗಿಸಿ ಬರೂ ಮುಂದ ಪೊದಿಯಿಂದ ಕರಡಿ ಬಂತ್ರಿ. ನಾವೆಲ್ಲಾ ನಡಗಾಕತ್ತಿದ್ವಿ. ಸಾಹೇಬ್ರು ಒಬ್ರ ಎದುರು ನಿಂತು ಗದರಿಸಿ ಓಡಿಸಿದ್ರು" ಎಂದರು. ಕೇಳುತ್ತಿದ್ದವರೆಲ್ಲ ಭಕ್ತಿಯಿಂದ ತಲೆದೂಗಿದರು.

ಮೂಲೆಯಲ್ಲಿ ಕೂತಿದ್ದ ಆಯಿ ಸೆರಗಿನಿಂದ ಕಣ್ಣೊರೆಸಿಕೊಂಡು, "ಕರಡಿ ಅಲ್ರಿ, ಎಮ್ಮಿ" ಎಂದಳು. "ಊರ ಗೌಡ್ರ ಎಮ್ಮಿ. ಇವರು ಓಡಿಸ್ಲಿಲ್ಲ, ಬೇವಿನ ಗಿಡಾ ಏರಿದ್ರು. ಎಮ್ಮಿನ್ನ ಹೊಡಕೊಂಡು ಹೋಗಿ ಬಿಟ್ಟಾಕಿ ನಾನ."

ಓವರ್‌ಸಿಯರ್ ಕೋಲನ್ನು ಈ ಕೈಯಿಂದ ಆ ಕೈಗೆ ಬದಲಿಸಿ, ಮೆಲ್ಲಗೆ, "ಖರೇ ಹೇಳ್ಬೇಕಂದ್ರ ಅಕ್ಕಾರ, ಗಿಡದ ಮ್ಯಾಲ ನಾನೂ ಇದ್ದೆರಿ" ಎಂದರು.

ಮೊದಲು ನಕ್ಕವರು ಚಾಚಾ. ಆಮೇಲೆ ಅಪ್ಪ, ಅವ್ವ, ನಾನು, ಬಂದವರು, ಎಲ್ಲರೂ. ದುಃಖದ ಮನೆಯಲ್ಲಿ ಇದೇನೆಂದು ಪಕ್ಕದ ಮನೆಯವರು ಬಾಗಿಲಲ್ಲಿ ಇಣುಕಿದರು. ಆಯಿ ಅವರನ್ನೂ ಒಳಗೆ ಕರೆದು ಕೂರಿಸಿ, ಎಮ್ಮೆಯ ಕತೆಯನ್ನು ಮೊದಲಿಂದ ಹೇಳತೊಡಗಿದಳು. ಅಲ್ಲಿಂದ ಇನ್ನೊಂದು ಕತೆ ಹುಟ್ಟಿತು, ಅದಕ್ಕೆ ಓವರ್‌ಸಿಯರ್ ಮತ್ತೊಂದು ಸೇರಿಸಿದರು. ಅವ್ವ ಚಹಾಕ್ಕೆ ನೀರಿಟ್ಟವಳು ಅದನ್ನಿಳಿಸಿ ಅನ್ನಕ್ಕೆ ಇಟ್ಟಳು. ಆ ಹಿರಿಯರು ಊಟ ಮಾಡಿಕೊಂಡೇ ಹೋದರು. ಅಪ್ಪ ಅವರನ್ನು ಬಸ್ ಸ್ಟ್ಯಾಂಡಿನವರೆಗೆ ಬಿಟ್ಟು ಬಂದ.